ಹಾಸಿಗೆಯ ನಾಲ್ಕು ಮೂಲೆ

ಲಕ್ವಾ ಹೊಡೆದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಗಡಿಯಾರ ಬೇರೆಯೇ ಆಗಿಬಿಡುತ್ತದೆ. ಅವ್ವನಿಗೆ ಏಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು, ಮಾತೂ ನಿಂತಿತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಬಿಡುವಂತಿಲ್ಲ. ಪ್ರತಿ ಸಲ ಹಿಮ್ಮಡಿ, ಟೊಂಕ, ಮೊಣಕೈ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಒಂದು ಕ್ಷಣ ಬಣ್ಣ ಇಳಿದರೆ ಪರವಾಗಿಲ್ಲ. ಒತ್ತಿದರೂ ಕೆಂಪು ಹಾಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತ. ಗಂಜಿಯನ್ನು ಕೂರಿಸಿಯೇ ಕುಡಿಸಬೇಕು, ಚಮಚೆಯನ್ನು ಬಾಯಿಯ ಎಡಗಡೆಗೆ ಇಡಬೇಕು, ಆಮೇಲೆ ಅರ್ಧ ತಾಸು ಮಲಗಿಸಬಾರದು.

ಮೊದಮೊದಲು ಇದೆಲ್ಲವನ್ನೂ ಪ್ರಾರ್ಥನೆಯ ಜೊತೆಗೇ ಮಾಡುತ್ತಿದ್ದೆ. ನಾವು ಗದಗಿನ ಪಕ್ಕದ ಬೆಟಗೇರಿಯವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು 1841ರಲ್ಲಿ ಇಲ್ಲಿ ಠಾಣ್ಯ ಹಾಕಿದಾಗಿನಿಂದ ಊರಲ್ಲಿ ಕ್ರೈಸ್ತ ಸಭೆ ಇದೆ. ಅವ್ವನ ದನಿ ಕೇಳದ ಭಾನುವಾರ ನನಗೆ ನೆನಪಿಲ್ಲ. ಅವಳು ಏಳುತ್ತಾಳೆ, ಮತ್ತೆ ಹಾಡುತ್ತಾಳೆ ಅಂತಲೇ ನಾನು ಬೇಡುತ್ತಿದ್ದೆ.

ಅವಳು ಏಳಲಿಲ್ಲ. ನನ್ನ ಸೊಂಟ ಹಿಡಿಯಿತು, ನಿದ್ದೆ ಕೆಟ್ಟಿತು. ಹೊರ ಊರಿನಿಂದ ಬಂದ ಒಬ್ಬ ಬೋಧಕರು ಅವ್ವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಹೊರಡುವಾಗ ನನ್ನ ಕಡೆ ತಿರುಗಿ "ನಿಮ್ಮ ನಂಬಿಕೆ ಸಾಲದು ತಂಗಿ" ಅಂದರು. ಆ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ. ಆದರೆ ರಾತ್ರಿಯೆಲ್ಲ ಎದ್ದು ಕೂರುವವರಿಗೆ ಹೇಳುವ ಮಾತಲ್ಲ ಅದು.

ಆಮೇಲೆ ನನಗೆ ಪ್ರಾರ್ಥನೆ ಬರಲಿಲ್ಲ. ದೇವರಿಲ್ಲ ಅಂತ ಅನ್ನಿಸಿರಲಿಲ್ಲ. ಕಣ್ಣು ಮುಚ್ಚಿದರೆ ಒಂದು ಮಾತೂ ಹುಟ್ಟುತ್ತಿರಲಿಲ್ಲ, ಅಷ್ಟೇ. ಬೈಬಲ್‌ನಲ್ಲಿ 88ನೆಯ ಕೀರ್ತನೆ ಒಂದನ್ನು ಮಾತ್ರ ಓದಲು ಆಗುತ್ತಿತ್ತು. ದುಃಖದ ಕೀರ್ತನೆಗಳೆಲ್ಲ ಹೆಚ್ಚುಕಡಿಮೆ ಕೊನೆಗೆ ಬರುವಾಗ ಎಲ್ಲೋ ಒಂದು ಕಡೆ ಭರವಸೆಗೆ ಹೊರಳುತ್ತವೆ. ಇದು ಹೊರಳುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ದೇವರ ವಾಕ್ಯದಲ್ಲಿ ಸೇರಿಸಿ ಇಟ್ಟಿದ್ದಾರಲ್ಲ, ಅದೇ ಒಂದು ಸಮಾಧಾನ.

ಒಂದು ಶುಕ್ರವಾರ ಮಧ್ಯಾಹ್ನ ಸಭೆಯ ಹೆಣ್ಣುಮಕ್ಕಳು ನಾಲ್ಕು ಜನ ಬಂದರು. ಪ್ರಾರ್ಥನೆ ಮಾಡಿ ಹೋಗುತ್ತಾರೆ ಅಂದುಕೊಂಡು ಚಹಾಕ್ಕೆ ನೀರಿಡಲು ಹೊರಟೆ. ಅವರಲ್ಲಿ ಹಿರಿಯರು, ದವಾಖಾನೆಯಲ್ಲಿ ಆಯಾ ಆಗಿದ್ದವರು, ನನ್ನ ಕೈ ಹಿಡಿದು ನಿಲ್ಲಿಸಿದರು. "ಚಾ ನಾವ ಮಾಡ್ಕೋತೀವಿ. ನೀ ಸರದು ನಿಂದ್ರು" ಅಂದರು. ಹಾಸಿಗೆಯ ಮೇಲಿನ ದಪ್ಪ ಚಾದರದ ಅಂಚನ್ನು ಅವ್ವನ ಮೈಗೆ ಹತ್ತುವ ತನಕ ಸುತ್ತಿಕೊಂಡು ನಾಲ್ವರೂ ಒಂದೊಂದು ಮೂಲೆ ಹಿಡಿದರು. "ಒಂದ, ಎರಡ, ಹೂಂ" ಅಂದಿದ್ದೇ ತಡ, ನಾನು ಒಬ್ಬಳೇ ಎಳೆದು, ಒದ್ದಾಡಿ, ಅಳುತ್ತ ಸರಿಸುತ್ತಿದ್ದ ಅವ್ವ ಹೂವಿನ ಹಾಗೆ ಮೇಲೆದ್ದಳು. ಒರಗುವ ಕುರ್ಚಿಯಲ್ಲಿ ಕೂರಿಸಿ, ಪಡಸಾಲೆಯ ಬಾಗಿಲ ಹತ್ತಿರ ಒಯ್ದರು. ಎಷ್ಟೋ ದಿನದ ಮೇಲೆ ಅವ್ವ ಬೀದಿ ನೋಡಿದಳು.

"ನೀ ಹೋಗಿ ಮಲ್ಕೋ. ನಾವ ಅದೀವಿ."

ಅವರು ಅಲ್ಲೇ ನಿಂತು ಮಾಡಿದ ಪ್ರಾರ್ಥನೆ ಚಿಕ್ಕದು. "ಕರ್ತನೇ, ಈಕಿಗೆ ಈಗ ಪ್ರಾರ್ಥನಾ ಮಾಡಾಕ ಆಗವಲ್ದು. ಈಕಿ ಪಾಲಿಂದೂ ನಾವ ಮಾಡ್ತೀವಿ, ಕೇಳು." ನಾನು ಅವರಿಗೆ ಏನೂ ಹೇಳಿರಲಿಲ್ಲ. ಮುಖ ನೋಡಿಯೇ ಗೊತ್ತಾಗಿರಬೇಕು. ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಅವ್ವನ ತಲೆ ಹಿಕ್ಕಿ ಹೆಣೆದಿದ್ದರು, ಉಗುರು ಕತ್ತರಿಸಿದ್ದರು. ಅಡಿಗೆಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದರು.

ಆ ರಾತ್ರಿ ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯ ತೆಗೆದೆ. ಕಪೆರ್ನೌಮ್ ಊರಿನ ಕಥೆ, ಭಾನುವಾರದ ಶಾಲೆಯಿಂದ ಕೇಳಿದ್ದು. ಅಲ್ಲಿರುವುದೂ ಪಾರ್ಶ್ವವಾಯು ರೋಗಿಯೇ. ನಾಲ್ಕು ಜನ ಹೊತ್ತು ತರುತ್ತಾರೆ, ಜನ ಜಾಸ್ತಿ ಇದ್ದು ಯೇಸುವಿನ ಹತ್ತಿರ ಹೋಗಲಾಗದೆ ಮಾಳಿಗೆ ಅಗೆದು ಹಾಸಿಗೆಯನ್ನು ಕೆಳಗಿಳಿಸುತ್ತಾರೆ. ಮಣ್ಣಿನ ಮಾಳಿಗೆ ಅಗೆಯುವುದು ಎಂಥ ಕೆಲಸ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಮಣ್ಣು ತೆಗೆಯಬೇಕು, ಕೆಳಗೆ ಹಾಸಿದ ಕಟ್ಟಿಗೆ ಸರಿಸಬೇಕು, ಕೆಳಗೆ ಕೂತವರ ಮೈಮೇಲೆಲ್ಲ ಧೂಳು. ಬೇರೆಯವರ ಮನೆ ಬೇರೆ! ಯೇಸು ಯಾರ ನಂಬಿಕೆ ನೋಡಿದ? ಮಾರ್ಕ ಬರೆದಿರುವುದು "ಅವರ ನಂಬಿಕೆ" ಅಂತ. ಹೊತ್ತವರದು. ಮಲಗಿದ್ದವನು ಅಲ್ಲಿಯವರೆಗೆ ಒಂದು ಮಾತಾಡಿದ್ದನ್ನೂ ಮಾರ್ಕ ಹೇಳುವುದಿಲ್ಲ. ಅವನಿಗೆ ನಂಬಿಕೆ ಸಾಲದು ಅಂತ ಯೇಸು ಅವನನ್ನು ತಿರುಗಿ ಕಳಿಸಲಿಲ್ಲ. "ಮಗನೇ" ಅಂತ ಕರೆದ.

ಇಷ್ಟು ದಿನ ಆ ಹಾಸಿಗೆಯ ಮೇಲೆ ಅವ್ವನನ್ನು ಇಟ್ಟು, ಹೊರುವ ನಾಲ್ವರೂ ನಾನೇ ಅಂದುಕೊಂಡಿದ್ದೆ. ಅವತ್ತು ರಾತ್ರಿ ನಾನೂ ಆ ಹಾಸಿಗೆಯ ಮೇಲೇ ಇದ್ದೇನೆ ಅನ್ನಿಸಿತು. ತುಂಬಾ ಅತ್ತೆ. ಅತ್ತಾದ ಮೇಲೆ ಮೈ ಹಗುರಾಯಿತು. ಬಾಯಿಗೆ ಬಂದದ್ದು ಒಂದೇ ಮಾತು, "ಸ್ವಾಮಿ, ಅವರ ನಂಬಿಕೆಯ ಮೇಲೆ ನನ್ನನ್ನೂ ನೋಡು." ಮುಂದಿನ ಮಗ್ಗುಲಿಗೆ ಎದ್ದಾಗಲೂ ಅದನ್ನೇ ಹೇಳಿದೆ.

ಅವ್ವ ಇನ್ನೂ ನಡೆಯುವುದಿಲ್ಲ, ಮಾತೂ ಬಂದಿಲ್ಲ. ಆದರೆ ಆ ಹೆಣ್ಣುಮಕ್ಕಳು ತಮ್ಮತಮ್ಮಲ್ಲೇ ಸರದಿ ಹಾಕಿಕೊಂಡು ಬರುತ್ತಾರೆ. ಅವರಲ್ಲೊಬ್ಬರು ಅವ್ವನ ಹತ್ತಿರ ಕೂರುವುದರಿಂದ ಈಗ ಭಾನುವಾರ ಆರಾಧನೆಗೆ ಹೋಗುತ್ತೇನೆ, ಪ್ರಭುಭೋಜನದ ಸಂಸ್ಕಾರ ತೆಗೆದುಕೊಳ್ಳುತ್ತೇನೆ. ಮನೆಗೆ ಬಂದು ಅವತ್ತಿನ ಹಾಡುಗಳನ್ನು ಅವ್ವನ ಪಕ್ಕ ಕೂತು ಹಾಡುತ್ತೇನೆ. ಕೆಲವು ಸಾಲುಗಳಿಗೆ ಅವಳ ಎಡಗೈ ಚಾದರದ ಮೇಲೆ ತಾಳ ಹಾಕುತ್ತದೆ. ನಾನು ತಾಳ ತಪ್ಪಿದರೆ ಆ ಕೈ ನಿಲ್ಲುತ್ತದೆ, ಮತ್ತೆ ಮೊದಲಿಂದ ಹಾಡಬೇಕು.