‘ಆ ಸೇಬಿನಲ್ಲಿ ಅಂಥದ್ದೇನಿದೆ?’ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ತಮ್ಮನ ಮನೆಯ ಗೃಹಪ್ರವೇಶದ ದಿನ ಊಟಕ್ಕೆ ಕೂತಿದ್ದೆ. ಎಲೆಗೆ ಕೋಸಂಬರಿ ಬೀಳುವಷ್ಟರಲ್ಲಿ ಪಕ್ಕದಲ್ಲಿದ್ದ ಭಾವ ನನ್ನ ಆಪಲ್ ಕಂಪನಿಯ ಲ್ಯಾಪ್‌ಟಾಪ್, ಅದೇ ಮ್ಯಾಕ್ ಬಗ್ಗೆ ಕೇಳಿಯೇಬಿಟ್ಟರು. “ಅಲ್ಲಮ್ಮಾ, ಅದರ ಅರ್ಧ ದುಡ್ಡಿಗೆ ಒಳ್ಳೇ ಲ್ಯಾಪ್‌ಟಾಪ್ ಬರುತ್ತೆ. ನೀನು ಮಾಡೋದು ಪ್ರೂಫ್ ನೋಡೋ ಕೆಲಸ. ಆ ಸೇಬಿನಲ್ಲಿ ಅಂಥದ್ದೇನಿದೆ?”

ಈ ಪ್ರಶ್ನೆ ನನಗೆ ಹೊಸದಲ್ಲ. ಮೈಸೂರಿನಲ್ಲಿ ನಾನು ಪ್ರೂಫ್ ನೋಡಿಕೊಡುವ ಪ್ರೆಸ್ಸುಗಳಲ್ಲಿ ಕೇಳುತ್ತಾರೆ. ಡಿಟಿಪಿ ಮಾಡುವ ಹುಡುಗರು ಕೇಳುತ್ತಾರೆ. ಮಗಳ ಗೆಳತಿಯರು ಕೂಡ ಕೇಳುತ್ತಾರೆ. ಊಟದ ಪಂಕ್ತಿಯಲ್ಲಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಅಷ್ಟರಲ್ಲಿ ಸಾರು ಬಂದಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ಮ್ಯಾಕ್ ನನ್ನ ಕೈಗೆ ಬಂದಿದ್ದು 2010ರಲ್ಲಿ. ಅಮೆರಿಕದಿಂದ ವಾಪಸ್ ಬಂದ ಗೆಳತಿಯೊಬ್ಬಳು ಹೊಸದು ತಗೊಂಡಳು. ತನ್ನ ಹಳೆಯ ಬಿಳಿ ಪ್ಲಾಸ್ಟಿಕ್ ಮ್ಯಾಕ್‌ಬುಕ್ಕನ್ನು ನನಗೆ ಕಡಿಮೆ ಬೆಲೆಗೆ ಕೊಟ್ಟಳು. ಇಂಗ್ಲಿಷ್ ಪುಸ್ತಕ ಓದಿ ಅನುವಾದದ ಟಿಪ್ಪಣಿ ಮಾಡಿಕೊಳ್ಳಲು ಸಾಕು ಅಂದುಕೊಂಡಿದ್ದೆ. ಮೊದಲ ರಾತ್ರಿಯೇ ಒಂದು ಕನ್ನಡ ಪುಟ ತೆರೆದೆ. ಆಗಿನ ಮ್ಯಾಕ್‌ಗಳಲ್ಲಿ ದೇವನಾಗರಿ, ಗುಜರಾತಿ, ಗುರುಮುಖಿ, ತಮಿಳು ಫಾಂಟ್‌ಗಳಿದ್ದವು, ಕನ್ನಡದ್ದು ಇರಲಿಲ್ಲ. ಪುಟದ ತುಂಬ ಚೌಕಗಳು.

ಆದರೆ ಅವು ಖಾಲಿ ಚೌಕಗಳಲ್ಲ.

ಅಷ್ಟು ವರ್ಷ ನಾನು ಕೆಲಸ ಮಾಡಿದ ಕಂಪ್ಯೂಟರ್‌ಗಳಲ್ಲಿ ಫಾಂಟ್ ಇಲ್ಲದಿದ್ದರೆ ಪ್ರಶ್ನೆ ಚಿಹ್ನೆ ಬರುತ್ತಿತ್ತು, ಇಲ್ಲವೇ ಬರಿದಾದ ಡಬ್ಬಿ. ಏನು ಕಳೆದುಹೋಗಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಅಕ್ಷರವನ್ನು ದೊಡ್ಡದು ಮಾಡಿ ನೋಡಿದೆ. ಚೌಕದ ನಡುವೆ ಒಂದು ಕನ್ನಡ ಅಕ್ಷರ. ಅಂಚಿನಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ‘ಕನ್ನಡ’ ಅಂತ ಇಂಗ್ಲಿಷಿನಲ್ಲಿ ಲಿಪಿಯ ಹೆಸರು. ಜೊತೆಗೆ ಯೂನಿಕೋಡ್‌ನಲ್ಲಿ, ಅಂದರೆ ಪ್ರಪಂಚದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯಲ್ಲಿ, ಕನ್ನಡದ ಜಾಗ ಎಲ್ಲಿಂದ ಎಲ್ಲಿಯವರೆಗೆ ಅಂತ, 0ಸಿ80ರಿಂದ 0ಸಿಎಫ್‌ಎಫ್. ‘ಇದು ಕನ್ನಡ. ಇದನ್ನು ತೋರಿಸುವ ಅಕ್ಷರ ನನ್ನ ಹತ್ತಿರ ಇಲ್ಲ, ಆದರೆ ಇದು ಕನ್ನಡ ಅಂತ ನನಗೆ ಗೊತ್ತು’ ಎಂದು ಯಂತ್ರ ಹೇಳುತ್ತಿತ್ತು.

ಈ ಫಾಂಟಿನ ಹೆಸರು ಲಾಸ್ಟ್ ರೆಸಾರ್ಟ್. ಬೇರೆ ಯಾವ ಫಾಂಟಿನಲ್ಲೂ ಅಕ್ಷರ ಸಿಗದಿದ್ದಾಗ ಕೊನೆಗೆ ಬರುವುದು ಇದು. ಪ್ರಪಂಚದ ಒಂದೊಂದು ಲಿಪಿಗೂ ಅದರಲ್ಲಿ ಒಂದೊಂದು ಚೌಕವಿದೆ. ಯಾರೂ ನೋಡಲು ಬಯಸದ, ನೋಡಿದರೂ ಬೇಸರಪಡುವ ಒಂದು ಫಾಂಟಿಗೆ ಕೂತು ಇಷ್ಟು ಕೆಲಸ ಮಾಡಿದ್ದಾರಲ್ಲ! ದಿನವಿಡೀ ಅಕ್ಷರ ತಿದ್ದುವ ನನಗೆ ಅವತ್ತು ಗಂಟಲು ಕಟ್ಟಿತು. ನನ್ನ ಭಾಷೆಯನ್ನು ತೋರಿಸಲಾರದ ಯಂತ್ರ ಅದನ್ನು ಗುರುತು ಹಿಡಿದಿತ್ತು. ಆ ಚೌಕದಿಂದಲೇ ನನ್ನ ಪ್ರೀತಿ ಶುರುವಾಗಿದ್ದು.

2011ರ ಜುಲೈನಲ್ಲಿ ಮ್ಯಾಕ್ ನಡೆಸುವ ತಂತ್ರಾಂಶದ ಲಯನ್ ಅನ್ನುವ ಹೊಸ ಆವೃತ್ತಿ ಬಂತು. ಹಾಕಿಕೊಂಡೆ. ಅದೇ ಪುಟ ತೆರೆದೆ. ಚೌಕಗಳೆಲ್ಲ ಅಕ್ಷರವಾಗಿದ್ದವು. ಒತ್ತು, ದೀರ್ಘ, ಅರ್ಕಾವತ್ತು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಫಾಂಟಿನ ಹೆಸರು ಕನ್ನಡ ಎಂಎನ್. ಎಂಎನ್ ಅಂದರೆ ಮುತ್ತು ನೆಡುಮಾರನ್, ಮಲೇಷ್ಯಾದ ತಮಿಳರು. ಕನ್ನಡ ಸಂಗಮ್ ಎಂಎನ್ ಕೂಡ ಅವರದ್ದೇ. ದಕ್ಷಿಣದ ಲಿಪಿಗಳನ್ನು ಈ ಯಂತ್ರದಲ್ಲಿ ಕೂರಿಸಿದ್ದು ಕ್ಯಾಲಿಫೋರ್ನಿಯಾದ ಒಂದು ಕಟ್ಟಡ ಮಾತ್ರ ಅಲ್ಲ ಅಂತ ತಿಳಿದಾಗ ಇನ್ನೂ ಖುಷಿಯಾಯಿತು.

ಇನ್ನೂ ಹಿಂದಕ್ಕೆ ಹೋದರೆ ಯೂನಿಕೋಡ್ ಸಿಗುತ್ತದೆ. ನೀವು ಈಗ ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಅದು ಅವರ ಫೋನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ, ಅಲ್ವಾ? ಅದಕ್ಕೆ ಕಾರಣ ಯೂನಿಕೋಡ್. 1987ರ ಹೊತ್ತಿಗೆ ಅದರ ಮಾತು ಶುರು ಮಾಡಿದವರು ಮೂವರು. ಜೆರಾಕ್ಸ್‌ನ ಜೋ ಬೆಕರ್, ಆಪಲ್‌ನ ಲೀ ಕಾಲಿನ್ಸ್ ಮತ್ತು ಮಾರ್ಕ್ ಡೇವಿಸ್. 1991ರಲ್ಲಿ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡ ಇತ್ತು. ಫಾಂಟ್ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಜಾಗ ಹಿಡಿದಿಟ್ಟಿದ್ದರು. ಲಾಸ್ಟ್ ರೆಸಾರ್ಟ್‌ನ ಚೌಕ ತೋರಿಸುತ್ತಿದ್ದದ್ದು ಆ ಜಾಗವನ್ನೇ.

ಇಂಥ ಕೆಲಸ ಆಪಲ್ ಕಂಪನಿಯಲ್ಲಿ ಮೊದಲಿನಿಂದಲೂ ಇದೆ. 1984ರ ಜನವರಿಯಲ್ಲಿ ಬಂದ ಮೊದಲ ಮ್ಯಾಕಿಂತೋಷ್‌ನ ಕಥೆ ಓದಿ. ಅದರ ಪೆಟ್ಟಿಗೆಯ ಒಳಗೋಡೆಯಲ್ಲಿ ತಂಡದವರ ಸಹಿಗಳಿವೆ. ಕೊಂಡವರು ಬಿಚ್ಚುವ ಪೆಟ್ಟಿಗೆಯಲ್ಲ ಅದು. ಆದರೂ ಸಹಿ ಅಚ್ಚಾಗಿದೆ. ಹಾಗೆಯೇ ಕೀಬೋರ್ಡಿನ ಕಮಾಂಡ್ ಕೀಲಿಯ ಮೇಲಿನ ಚಿಹ್ನೆ ನೋಡಿ. ನಾಲ್ಕು ಮೂಲೆಯಲ್ಲೂ ಸುತ್ತು ಹಾಕಿ ಬರುವ ಒಂದೇ ಗೆರೆ, ನಮ್ಮ ಚುಕ್ಕಿ ರಂಗೋಲಿಯ ಎಳೆಯ ಹಾಗೆ. ಮೊದಲು ಮೆನುವಿನಲ್ಲಿ ಆ ಜಾಗದಲ್ಲಿ ಸೇಬಿನ ಚಿತ್ರವೇ ಇತ್ತಂತೆ. ಸಾಲು ಸಾಲಾಗಿ ಸೇಬು ನೋಡಿ ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ಜಾಬ್ಸ್ ಬೇಡ ಅಂದರು. ಚಿತ್ರ ಬರೆಯುತ್ತಿದ್ದ ಸೂಸನ್ ಕೇರ್ ಚಿಹ್ನೆಗಳ ನಿಘಂಟು ಹುಡುಕಿ ಇದನ್ನು ಆರಿಸಿದರು. ಸ್ವೀಡನ್ನಿನಲ್ಲಿ ‘ನೋಡುವಂಥ ಜಾಗ ಇಲ್ಲಿದೆ’ ಎಂದು ದಾರಿ ಬದಿಯಲ್ಲಿ ಹಾಕುವ ಗುರುತು ಅದು. ನಾನು ದಿನಕ್ಕೆ ಸಾವಿರ ಸಲ ಒತ್ತುವ ಕೀಲಿ. ಈ ಕಥೆ ಗೊತ್ತಾದ ಮೇಲೆ ಅದನ್ನು ಮುಟ್ಟುವಾಗ ಬೆರಳಿಗೆ ಏನೋ ಬೇರೆ ಅನ್ನಿಸುತ್ತದೆ.

ದಿನದ ಕೆಲಸದಲ್ಲಿ ಏನು ಲಾಭ ಅಂತ ಭಾವ ಕೇಳಿದ್ದು. ಅದನ್ನೂ ಹೇಳುತ್ತೇನೆ.

ನನಗೆ ಒಂದು ಪುಸ್ತಕಕ್ಕೆ ಮೂವತ್ತು ನಲವತ್ತು ಪಿಡಿಎಫ್ ಬರುತ್ತವೆ. ಒಂದೊಂದು ಅಧ್ಯಾಯಕ್ಕೂ ಮೊದಲ ಪ್ರೂಫ್, ಎರಡನೇ ಪ್ರೂಫ್, ‘ಕೊನೆಯ ಪ್ರೂಫ್’, ಅದರ ಮೇಲೆ ಇನ್ನೊಂದು ಕೊನೆಯ ಪ್ರೂಫ್. ಫೈಲಿನ ಮೇಲೆ ನಿಂತು ಸ್ಪೇಸ್ ಬಾರ್ ಒತ್ತಿದರೆ ಸಾಕು, ತೆರೆಯದೆಯೇ ಒಳಗಿನದ್ದು ಕಾಣುತ್ತದೆ. ಮತ್ತೆ ಒತ್ತಿದರೆ ಮುಚ್ಚುತ್ತದೆ. 2007ರಿಂದ ಇರುವ ಸೌಲಭ್ಯ ಇದು. ಅದೆಷ್ಟು ಗಂಟೆ ಉಳಿಸಿದೆಯೋ ಲೆಕ್ಕ ಇಟ್ಟಿಲ್ಲ. ಪಿಡಿಎಫ್ ಮೇಲೆ ಗುರುತು ಹಾಕಲು, ಪುಟ ಆಚೀಚೆ ಮಾಡಲು ಪ್ರಿವ್ಯೂ ಅನ್ನುವ ತಂತ್ರಾಂಶ ಜೊತೆಯಲ್ಲೇ ಬರುತ್ತದೆ. ಬೇರೆ ಏನೂ ಕೊಳ್ಳಬೇಕಿಲ್ಲ.

ಇನ್ನೊಂದು, ಅಷ್ಟಾಗಿ ಯಾರೂ ಹೇಳದ ವಿಷಯ. ಮ್ಯಾಕ್‌ನಲ್ಲಿ ಬರೆಯುವ ಹೆಚ್ಚಿನ ಕಡೆಗಳಲ್ಲಿ ಕಂಟ್ರೋಲ್ ಜೊತೆ ಎ ಒತ್ತಿದರೆ ಸಾಲಿನ ಮೊದಲಿಗೆ, ಇ ಒತ್ತಿದರೆ ಕೊನೆಗೆ ಹೋಗುತ್ತದೆ. ಕೆ ಒತ್ತಿದರೆ ಅಲ್ಲಿಂದ ಮುಂದಿನದ್ದು ಅಳಿಯುತ್ತದೆ. ಬಾಣದ ಕೀಲಿಗೆ ಕೈ ಚಾಚಬೇಕಿಲ್ಲ. ಈ ಅಭ್ಯಾಸ ಬಂದಿದ್ದು ನೆಕ್ಸ್ಟ್ ಅನ್ನುವ ಕಂಪನಿಯಿಂದ. ಆಪಲ್ ಬಿಟ್ಟ ಮೇಲೆ ಜಾಬ್ಸ್ 1985ರಲ್ಲಿ ಕಟ್ಟಿದ ಕಂಪನಿ ಅದು. 1990ರಲ್ಲಿ ಟಿಮ್ ಬರ್ನರ್ಸ್ ಲೀ ವೆಬ್ ಮಾಡಿದ್ದು ನೆಕ್ಸ್ಟ್ ಕಂಪ್ಯೂಟರಿನ ಮೇಲೆಯೇ. 1996ರ ಕೊನೆಗೆ ಆಪಲ್ ಆ ಕಂಪನಿಯನ್ನು ಕೊಳ್ಳುವುದಾಗಿ ಹೇಳಿತು. ಇವತ್ತಿನ ಮ್ಯಾಕ್‌ನ ತಳಪಾಯ ಅದರದ್ದು. ಮ್ಯಾಕ್ ತಂತ್ರಾಂಶ ಬರೆಯುವವರು ಈಗಲೂ ತಮ್ಮ ಕೋಡಿನಲ್ಲಿ ‘ಎನ್‌ಎಸ್’ ಅನ್ನುವ ಅಕ್ಷರಗಳನ್ನು ನೋಡುತ್ತಾರೆ, ನೆಕ್ಸ್ಟ್‌ಸ್ಟೆಪ್‌ನ ಗುರುತು. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಅಜ್ಜನ ಕಾಲದ ಕಂಬ, ಬಾಗಿಲನ್ನು ಉಳಿಸಿಕೊಳ್ಳುವುದಿಲ್ಲವಾ, ಹಾಗೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಉಪಕಾರ ಮಾಡಿದವಳು ಸೌಮ್ಯ. ಮ್ಯಾಕ್ ತಂತ್ರಾಂಶದ 2022ರ ವೆಂಚುರಾ ಆವೃತ್ತಿಯಲ್ಲಿ ಬಂದ ಕನ್ನಡ ಧ್ವನಿಯ ಹೆಸರು ಅದು. ಪಠ್ಯವನ್ನು ಆಯ್ದು ಆಪ್ಷನ್ ಜೊತೆ ಎಸ್ಕೇಪ್ ಒತ್ತಿದರೆ ಓದಲು ಶುರು ಮಾಡುತ್ತಾಳೆ. ಪ್ರೂಫ್ ನೋಡುವವರಿಗೆ ಗೊತ್ತು, ಕಣ್ಣು ಮೋಸ ಮಾಡುತ್ತದೆ. ‘ಕಾಡಿನ’ ಎಂದಿರಬೇಕಾದ ಕಡೆ ‘ಕಡಿನ’ ಅಂತ ಬಿದ್ದಿದ್ದರೂ ಕಣ್ಣು ತಾನೇ ದೀರ್ಘ ಹಾಕಿಕೊಂಡು ಮುಂದೆ ಓಡುತ್ತದೆ. ಸೌಮ್ಯ ಹಾಗೆ ಮಾಡುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದುತ್ತಾಳೆ. ಕಿವಿಗೆ ಥಟ್ಟನೆ ಗೊತ್ತಾಗುತ್ತದೆ. ಹಿಂದೆಲ್ಲ ಪ್ರೆಸ್ಸಿನಲ್ಲಿ ಒಬ್ಬರು ಹಸ್ತಪ್ರತಿ ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಪ್ರೂಫ್ ತಿದ್ದುತ್ತಿದ್ದರು. ಮನೆಯಲ್ಲಿ ಒಬ್ಬಳೇ ಕೂತು ಕೆಲಸ ಮಾಡುವ ನನಗೆ ಆ ಓದುವ ಜೊತೆ ಮತ್ತೆ ಸಿಕ್ಕಿತು.

ಇನ್ನು ದುಡ್ಡಿನ ಮಾತು. ಹೌದು, ಜಾಸ್ತಿ. ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ 2020ರ ನವೆಂಬರಿನಲ್ಲಿ ಬಂದಾಗ ಇಲ್ಲಿ ಅದರ ಬೆಲೆ 92,900 ರೂಪಾಯಿ. ನಾನು ಎರಡು ಪುಸ್ತಕದ ಅನುವಾದದ ಹಣ ಕೂಡಿಟ್ಟು ಕೊಂಡೆ. ಅದಕ್ಕೆ ಮೊದಲು 2012ರ ಮ್ಯಾಕ್‌ಬುಕ್ ಪ್ರೋ ಇತ್ತು. ಎಂಟು ವರ್ಷ ಬಳಸಿದೆ. ಅದರ ತಳದ ಹತ್ತು ಸ್ಕ್ರೂ ಬಿಚ್ಚಿ ನಾನೇ ಮೆಮೊರಿ ಹೆಚ್ಚಿಸಿಕೊಂಡೆ, ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದೆ. ವರ್ಷಕ್ಕೆ ಹಂಚಿ ನೋಡಿದರೆ ನನಗೆ ದುಬಾರಿ ಅನ್ನಿಸಿಲ್ಲ. ಈಗಿನ ಏರ್‌ನಲ್ಲಿ ಫ್ಯಾನೇ ಇಲ್ಲ, ಸದ್ದೇ ಇಲ್ಲ. ಕರೆಂಟ್ ಹೋದರೂ ಇಡೀ ದಿನದ ಕೆಲಸ ಮುಗಿಯುತ್ತದೆ.

ಪ್ರೀತಿ ಇದೆ ಅಂತ ಎಲ್ಲವನ್ನೂ ಒಪ್ಪುವುದಿಲ್ಲ. ಹತ್ತು ಸ್ಕ್ರೂ ಬಿಚ್ಚುವ ಆ ಸುಖ ಈಗ ಇಲ್ಲ. ಮೆಮೊರಿ ಚಿಪ್ಪಿನ ಜೊತೆಗೇ ಅಂಟಿಕೊಂಡು ಬರುತ್ತದೆ. ಕೊಳ್ಳುವ ದಿನ ಎಷ್ಟು ತಗೊಂಡಿರೋ ಅಷ್ಟೇ. ಹಾಗೆ ಮಾಡಿದ್ದರಿಂದ ವೇಗ ಬಂದಿದೆ, ನಿಜ. ಆದರೂ ತನ್ನ ವಸ್ತುವನ್ನು ತಾನೇ ರಿಪೇರಿ ಮಾಡಿಕೊಳ್ಳುವ ದಾರಿ ಮುಚ್ಚಬಾರದಿತ್ತು. ಕನ್ನಡದ ವಿಷಯದಲ್ಲೂ ತುಂಬ ತಡ ಮಾಡಿದರು. ಐಫೋನ್ ಬಂದಿದ್ದು 2007ರಲ್ಲಿ. ಅದರಲ್ಲಿ ಕನ್ನಡ ಕೀಬೋರ್ಡ್ ಬಂದಿದ್ದು ಐಫೋನ್ ನಡೆಸುವ ತಂತ್ರಾಂಶ ಐಒಎಸ್‌ನ 11ನೇ ಆವೃತ್ತಿಯ ಜೊತೆ, 2017ರಲ್ಲಿ. ಮೆನು, ಸೆಟ್ಟಿಂಗ್ಸ್ ಎಲ್ಲ ಕನ್ನಡದಲ್ಲಿ ಸಿಕ್ಕಿದ್ದು 2025ರ 18.4 ಆವೃತ್ತಿಯಲ್ಲಿ. ಹತ್ತು ವರ್ಷ, ಹದಿನೆಂಟು ವರ್ಷ! ಜಾಗ 1991ರಲ್ಲೇ ಇತ್ತಲ್ಲ ಅಂತ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೋಲಾರದ ನರಸಾಪುರವನ್ನೂ ಮರೆಯಲಾರೆ. ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಕಾರ್ಮಿಕರು ರೊಚ್ಚಿಗೆದ್ದರು. ಆಪಲ್ ವಿಚಾರಣೆ ಮಾಡಿಸಿ, ತಪ್ಪು ಕಂಡು, ಸರಿಪಡಿಸುವವರೆಗೆ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ಕಾರ್ಖಾನೆ ಈಗ ಟಾಟಾ ಅವರದ್ದು. ಕೀಲಿಯ ಮೇಲಿನ ಗೆರೆಗೆ ಅಷ್ಟು ತಲೆ ಕೆಡಿಸಿಕೊಳ್ಳುವವರು ಜೋಡಿಸುವ ಕೈಗಳ ಬಗ್ಗೆಯೂ ಮೊದಲೇ ಅಷ್ಟೇ ತಲೆ ಕೆಡಿಸಿಕೊಳ್ಳಬೇಕು. ಮೆಚ್ಚಿಕೊಂಡವರು ಇದನ್ನು ಜೋರಾಗಿ ಹೇಳಬೇಕು.

ಹಾಗಾದರೆ ನೀವೂ ಕೊಳ್ಳಬೇಕಾ? ನಾನು ಹಾಗೆ ಹೇಳುವುದಿಲ್ಲ. ನಿಮ್ಮ ಕೆಲಸ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಫೈಲ್‌ಗಳ ಮೇಲೆ ನಿಂತಿದ್ದರೆ, ಅಥವಾ ವಿಂಡೋಸ್‌ನಲ್ಲಿ ಮಾತ್ರ ಓಡುವ ಲೆಕ್ಕದ ತಂತ್ರಾಂಶ ಬೇಕಿದ್ದರೆ, ಸುಮ್ನೆ ಕಷ್ಟ ಪಡಬೇಡಿ. ಇರುವುದನ್ನೇ ಇಟ್ಟುಕೊಳ್ಳಿ.

ದೊಡ್ಡಮ್ಮನಿಗೆ ಮಾತ್ರ ನಾನೇ ಒತ್ತಾಯ ಮಾಡಿ ಹಳೆಯ ಐಫೋನ್ ಕೊಟ್ಟೆ. ಸಾಗರದಲ್ಲಿದ್ದಾರೆ, ಎಂಬತ್ತೊಂದು ವರ್ಷ. ಕಣ್ಣು ಮಸುಕಾಗಿ ಪೇಪರ್ ಓದುವುದು ನಿಂತೇ ಹೋಗಿತ್ತು. ಊರಿಗೆ ಹೋದಾಗ ಅವರ ಪಕ್ಕ ಕೂತು, ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಎರಡು ಬೆರಳಿಂದ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆಯುವುದನ್ನು ಕಲಿಸಿದೆ. ಸೌಮ್ಯ ಓದಲು ಶುರು ಮಾಡಿದಳು. ದೊಡ್ಡಮ್ಮ ಸ್ವಲ್ಪ ಹೊತ್ತು ಕೇಳಿ, “ಯಾರ ಮನೆ ಹುಡುಗಿಯೇ ಇವಳು? ಇಷ್ಟು ಗಡಿಬಿಡಿ ಯಾಕೆ ಇವಳಿಗೆ?” ಅಂದರು. ಓದುವ ವೇಗ ಕಡಿಮೆ ಮಾಡಿಕೊಟ್ಟೆ.

ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಏಳೂವರೆಗೆ ಅವರ ಫೋನ್ ಬರುತ್ತದೆ. ನಾನಿನ್ನೂ ಪೇಪರ್ ತೆರೆದಿರುವುದಿಲ್ಲ. ಲಿಂಗನಮಕ್ಕಿಗೆ ಎಷ್ಟು ಅಡಿ ನೀರು ಬಂತು ಅಂತ ಅವರೇ ನನಗೆ ಹೇಳುತ್ತಾರೆ.