ಕರಗಿತೇನಯ್ಯಾ?

ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನ ಲ್ಯಾಬಿನಲ್ಲಿ ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಮೊದಲು ಕೇಳುತ್ತಿದ್ದ ಪ್ರಶ್ನೆ ಇದೇ. ಕೊಟ್ಟ ಪುಡಿ ಯಾವುದು ಅಂತ ಬೇಗ ಬರೆದು ಕ್ಯಾಂಟೀನಿಗೆ ಓಡುವ ಆತುರ ನಮಗೆ. ಅವರು ಬಿಡಬೇಕಲ್ಲ! ನೀರಿಗೆ ಹಾಕಿ ನೋಡು. ಬೈಕಾರ್ಬನೇಟಿಗೆ ಹಾಕು, ಗುಳ್ಳೆ ಎದ್ದು ಕರಗಿದರೆ ಕಾರ್ಬಾಕ್ಸಿಲಿಕ್ ಆಸಿಡ್. ತಿಳಿ ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಕರಗಿದರೆ ಅಮೀನ್, ಅಂದರೆ ನೈಟ್ರೋಜನ್ ಇರುವ ಕ್ಷಾರ ಗುಣದ ವಸ್ತು, ಇರಬಹುದು. ಆಗ ರೇಜಿಗೆ ಅನ್ನಿಸುತ್ತಿತ್ತು. ಈಗ ನನಗೆ ಸಂಬಳ ಬರುವುದೇ ಆ ಪ್ರಶ್ನೆಯಿಂದ.

ಶಂಕರಘಟ್ಟದಲ್ಲಿ ಎಂಎಸ್‌ಸಿ, ಆಮೇಲೆ ಪಿಎಚ್‌ಡಿ, ಈಗ ಬೆಂಗಳೂರಿನಲ್ಲಿ ಔಷಧ ಸಂಶೋಧನೆಯ ಕೆಲಸ. "ಮೆಡಿಕಲ್ ಶಾಪಾ?" ಅಂತ ಊರಲ್ಲಿ ಇನ್ನೂ ಕೇಳುತ್ತಾರೆ. ಅಲ್ಲ, ಮಾತ್ರೆಯೊಳಗಿನ ಅಣುವನ್ನು ಕಟ್ಟುವವರು ನಾವು. ಯಾವ ಪ್ರೋಟೀನನ್ನು ತಡೆಯಬೇಕು ಅಂತ ಬಯಾಲಜಿಯವರು ಹೇಳುತ್ತಾರೆ. ನಾವು ಒಂದು ಅಣು ಮಾಡಿ ಕೊಡುತ್ತೇವೆ. ಅದು ವಾಪಸ್ ಬರುತ್ತದೆ. ಇಲ್ಲೊಂದು ಮೀಥೈಲ್, ಅಲ್ಲೊಂದು ಫ್ಲೋರಿನ್ ಬದಲಿಸಿ ಮತ್ತೆ ಕೊಡುತ್ತೇವೆ. ಮಾಡಿದ್ದು ಶುದ್ಧವಾಗಿದೆಯೇ ಅಂತ ನೋಡುವ ಟಿಎಲ್‌ಸಿ ಪ್ಲೇಟನ್ನು ಯುವಿ ದೀಪದ ಕೆಳಗೆ ಹಿಡಿದಾಗ ಒಂದೇ ಚುಕ್ಕೆ ಕಂಡರೆ ಹಬ್ಬ. ಮೂರ್ನಾಲ್ಕು ಕಂಡರೆ ಆ ಸಂಜೆಯೆಲ್ಲ ಬೆರಕೆಯನ್ನು ಬೇರ್ಪಡಿಸುವ ಸಿಲಿಕಾ ಕಾಲಂ ಮುಂದೆ.

ಮಲೆನಾಡಿನವರಿಗೆ ಹೇಳಲೇಬೇಕಾದ ಕಥೆ ಕ್ಯಾಂಪ್ಟೋಥೆಸಿನ್ ಎಂಬ ಮರದ ವಸ್ತುವಿನದು. 1966ರಲ್ಲಿ ಅಮೆರಿಕದಲ್ಲಿ ಕೆಮಿಸ್ಟ್‌ಗಳಾದ ವಾಲ್ ಮತ್ತು ನಮ್ಮ ದೇಶದಲ್ಲೇ ಹುಟ್ಟಿದ ಮನ್‌ಸುಖ್ ವಾನಿ ಅದನ್ನು ಚೀನಾದ ಒಂದು ಮರದಿಂದ ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ಪಶ್ಚಿಮ ಘಟ್ಟದ ಒಂದು ಮರದಲ್ಲೂ ಇದೆ ಅಂತ ತೋರಿಸಿದರು. ಹೂ ಬಿಟ್ಟಾಗ ಗಬ್ಬು ನಾರುತ್ತದಲ್ಲ, ಆ ಮರ. ಆಮೇಲೆ ಅದನ್ನು ಕಡಿದು ಸಾಗಿಸಿದ್ದು ಸ್ವಲ್ಪವಲ್ಲ, ಆ ಸಿಟ್ಟು ನನಗಿದೆ.

ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಶಕ್ತಿ ಕ್ಯಾಂಪ್ಟೋಥೆಸಿನ್‌ಗಿತ್ತು. ಆದರೆ ನೀರಿನಲ್ಲಿ ಕರಗದು, ಕರಗದಿದ್ದರೆ ರಕ್ತಕ್ಕೆ ಕೊಡುವುದು ಹೇಗೆ? ಹಾಗಾಗಿ ಅದರ ಅಣುವಿನಲ್ಲಿರುವ ಲ್ಯಾಕ್ಟೋನ್ ಎಂಬ ಉಂಗುರವನ್ನು ಕ್ಷಾರದಿಂದ ತೆರೆದು, ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟರು. ಕರಗಿತೇನೋ ನಿಜ, ಉಂಗುರ ತೆರೆದ ಮೇಲೆ ಕಸುವು ಹೋಯಿತು. ಸಾಲದ್ದಕ್ಕೆ ಮೂತ್ರಕೋಶದಲ್ಲಿ ರಕ್ತಸ್ರಾವ. 1970ರ ದಶಕದಲ್ಲಿ ಪ್ರಯೋಗ ಅಲ್ಲಿಗೇ ನಿಂತಿತು.

1985ರಲ್ಲಿ ಅದರ ಗುರಿ, ಡಿಎನ್‌ಎಯ ತಿರುಚು ಬಿಡಿಸುವ ಟೋಪೋಐಸೋಮರೇಸ್-1 ಎಂಬ ಕಿಣ್ವ ಅಂತ ಗೊತ್ತಾಯಿತು. ಕೆಮಿಸ್ಟ್‌ಗಳು ಈ ಸಲ ಉಂಗುರದ ತಂಟೆಗೆ ಹೋಗಲಿಲ್ಲ. ಅಣುವಿನ ಇನ್ನೊಂದು ತುದಿಗೆ ಒಂದು ಅಮೀನ್ ಅಂಟಿಸಿದರು. ಅಂಟಿಸಿದ್ದು ಹೇಗೆ ಗೊತ್ತಾ? ಕೆಮಿಸ್ಟ್ರಿ ಓದುವವರು ಪರೀಕ್ಷೆಗೆ ಬಾಯಿಪಾಠ ಹೊಡೆಯುವ ಅದೇ ಮ್ಯಾನಿಕ್ ರಿಯಾಕ್ಷನ್‌ನಿಂದ! ಅಮೀನ್ ಬಂದ ಮೇಲೆ ಆಸಿಡ್ ಜೊತೆ ಲವಣವಾಯಿತು, ಕರಗಿತು. ಅದೇ ಟೋಪೋಟಿಕಾನ್. 1996ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದನ್ನು ಮೊದಲ ಸಲ ಓದಿದಾಗ ನಾನು ಮೇಷ್ಟ್ರಿಗೆ ಫೋನ್ ಮಾಡಿದ್ದೆ. "ಮತ್ತೆ? ಅಷ್ಟು ದಿನ ನಾನು ಸುಮ್ನೆ ಹೇಳ್ತಿದ್ನಾ?" ಅಂದರು.

ಇನ್ನೊಂದು ಮಾತು. ವೈರಸ್‌ನಿಂದ ಬರುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ಆ ವೈರಸ್‌ಗೆಂದೇ ಮಾಡಿದ ಮದ್ದಿಲ್ಲ. ಅದನ್ನು ಹರಡುವ ಉಣುಗು ಕಚ್ಚಿಸಿಕೊಳ್ಳುವವರು ದರಗು (ಒಣಗಿದ ಎಲೆ) ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಬಡವರು. ಕಂಪನಿಗಳಿಗೆ ಅಲ್ಲಿ ಲಾಭದ ಲೆಕ್ಕ ಕೂಡುವುದಿಲ್ಲ. ಈ ಕೆಲಸ ವಿಶ್ವವಿದ್ಯಾಲಯಗಳೇ ಹಿಡಿಯಬೇಕು ಅನ್ನುವುದು ನನ್ನ ಲೆಕ್ಕ. ಎಂಎಸ್‌ಸಿ ಪ್ರಾಜೆಕ್ಟ್ ಹುಡುಕುತ್ತಿರುವವರು ಈ ವೈರಸ್‌ನ ಎನ್‌ಎಸ್3 ಪ್ರೋಟಿಯೇಸ್, ಅಂದರೆ ವೈರಸ್ ಬೆಳೆಯಲು ಬೇಕಾದ ಪ್ರೋಟೀನ್ ಕತ್ತರಿಸುವ ಕಿಣ್ವದ ಕಡೆ ಒಮ್ಮೆ ನೋಡಿ. ವೈರಸ್ಸನ್ನು ಮುಟ್ಟದೆ ಕಂಪ್ಯೂಟರಿನಲ್ಲೇ ಶುರು ಮಾಡಬಹುದು. ಪೇಪರುಗಳು ಬೇಕಾದರೆ ಕೇಳಿ, ಕಳಿಸುತ್ತೇನೆ.