ಅಟ್ಟದ ಮೇಲಿದ್ದ ಓಲ್ಡ್ ಸ್ಪೈಸ್

ಅರಸೀಕೆರೆಯ ನಮ್ಮ ಫ್ಯಾನ್ಸಿ ಸ್ಟೋರ್ ಬಾಗಿಲು ಹಾಕಿ ಒಂಬತ್ತು ವರ್ಷ ಆಯ್ತು. ಮಳಿಗೆಯನ್ನು ಮೊಬೈಲ್ ರಿಪೇರಿ ಮಾಡುವ ಹುಡುಗನಿಗೆ ಬಾಡಿಗೆಗೆ ಕೊಟ್ಟಿದ್ದೇವೆ, ಅಟ್ಟ ಮಾತ್ರ ನಮ್ಮ ಹತ್ತಿರವೇ ಉಳಿದಿತ್ತು. ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಅವನು "ಸಾರ್, ಮೇಲೆ ಇಲಿ ಕಾಟ ಜಾಸ್ತಿಯಾಗಿದೆ, ನಿಮ್ಮ ಸಾಮಾನು ಇಳಿಸಿಕೊಂಡುಬಿಡಿ" ಅಂದ. ಇಳಿಸಿದೆ. ಬಳೆ ಸ್ಟ್ಯಾಂಡು, ಬಣ್ಣ ಹೋದ ರಿಬ್ಬನ್ ಸುರುಳಿ, ತುಕ್ಕು ಹಿಡಿದ ಹೇರ್‌ಪಿನ್ನು. ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒತ್ತಿಕೊಂಡು ಒಂದು ರಟ್ಟಿನ ಡಬ್ಬ. ಒಳಗೆ ಆರು ಓಲ್ಡ್ ಸ್ಪೈಸ್ ಆಫ್ಟರ್‌ಶೇವ್. ಒಂದರ ಸೀಲೂ ಒಡೆದಿರಲಿಲ್ಲ.

ನನ್ನ ಪರಿಚಯದವರಿಗೆ ನನ್ನ ಶೇವಿಂಗ್ ಹುಚ್ಚು ಗೊತ್ತು. ಡಬಲ್ ಎಡ್ಜ್ ಬ್ಲೇಡು, ಬ್ರಷ್ಷು, ಬಟ್ಟಲು, ಭಾನುವಾರ ಬೆಳಗ್ಗೆ ಮುಕ್ಕಾಲು ಗಂಟೆ ಬಾತ್‌ರೂಮ್ ನನ್ನದು. ಹಾಗಾಗಿ ಆ ಡಬ್ಬ ನೋಡಿದಾಗ ನನಗೆ ನಿಧಿ ಸಿಕ್ಕಿದಷ್ಟೇ ಆಯ್ತು. ಅಣ್ಣನಿಗೆ, ಅಂದರೆ ನಮ್ಮ ತಂದೆಗೆ, ಈಗ ಎಂಬತ್ತೊಂದು. ತೋರಿಸಿದರೆ ಅವರು ಹೇಳಿದ್ದು ಇಷ್ಟೇ: "ಡೆಡ್ ಸ್ಟಾಕು. ವಾಪಸ್ ಕಳಿಸೋದು ಮರೆತಿರಬೇಕು."

ಯಾವ ಕಾಲದ್ದು ಅಂತ ಲೇಬಲ್ಲೇ ಹೇಳುತ್ತಿತ್ತು. ಬೆಲೆಯ ಪಕ್ಕದಲ್ಲಿ "ಸ್ಥಳೀಯ ತೆರಿಗೆ ಪ್ರತ್ಯೇಕ" ಅನ್ನುವ ಅರ್ಥದ ಇಂಗ್ಲಿಷ್ ಸಾಲು. ಎಲ್ಲ ತೆರಿಗೆ ಸೇರಿಸಿ ಎಂಆರ್‌ಪಿ ಹಾಕುವ ಪದ್ಧತಿ ಬರುವ ಮುಂಚಿನದು. ತಯಾರಾದ ಊರು ಗೋವಾ. ಮೂಲ ಕಂಪನಿಯ ಹೆಸರು ಶುಲ್ಟನ್. ಅಮೆರಿಕದ ಆ ಶುಲ್ಟನ್‌ನಿಂದ ಓಲ್ಡ್ ಸ್ಪೈಸನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕೊಂಡುಕೊಂಡಿದ್ದು 1990ರಲ್ಲಿ. ಅಂದರೆ ಏನಿಲ್ಲವೆಂದರೂ ಮೂವತ್ತೈದು ವರ್ಷ ಆ ಡಬ್ಬ ನಮ್ಮ ತಲೆಯ ಮೇಲೇ ಕೂತಿತ್ತು.

ಹೋಲಿಸಿ ನೋಡಲು ಇನ್ನೆರಡು ಬಾಟಲಿ ನನ್ನ ಹತ್ತಿರ ಮೊದಲೇ ಇದ್ದವು. ಒಂದು ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಕೊಂಡ ಈಗಿನದು. ಇನ್ನೊಂದು ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ತಂದುಕೊಟ್ಟ ಅಮೆರಿಕದ ಬಾಟಲಿ, "ಕ್ಲಾಸಿಕ್" ಅಂತ ಬರೆದಿರುವುದು. ಈ ಕ್ಲಾಸಿಕ್ ಅನ್ನುವ ಹೆಸರು ಬಂದದ್ದು 2008ರಲ್ಲಿ. ಅದೇ ವರ್ಷ ಅಲ್ಲಿ ಬಿಳಿ ಗಾಜು ಹೋಗಿ ಪ್ಲಾಸ್ಟಿಕ್ ಬಂತು, ಬೂದು ಬಿರಡೆ ಹೋಗಿ ಕೆಂಪು ಬಿರಡೆ ಬಂತು. ಒಂದು ಸಾಮಾನಿಗೆ ಕ್ಲಾಸಿಕ್ ಅಂತ ಹೆಸರಿಟ್ಟರೆ ಅದರಲ್ಲಿ ಏನೋ ಬದಲಾಯಿಸಿದ್ದಾರೆ ಅಂತಲೇ ಲೆಕ್ಕ. ಅಂಗಡಿಯಲ್ಲಿ ಬೆಳೆದವನು ನಾನು, ಇಷ್ಟಾದರೂ ಗೊತ್ತಾಗುತ್ತದೆ.

ಬಾಟಲಿಯ ವಿಷಯದಲ್ಲಿ ಹಳೆಯದಕ್ಕೆ ಸಾಟಿಯೇ ಇಲ್ಲ. ಹಾಲುಬಿಳುಪಿನ ದಪ್ಪ ಗಾಜು. ನವೆಂಬರ್ ಬೆಳಗ್ಗೆ ಕೈಗೆ ತೆಗೆದುಕೊಂಡರೆ ಚೊಂಬಿನ ಹಾಗೆ ತಣ್ಣಗೆ. ಬಿರಡೆ ಎಳೆದರೆ ಪಟ್ ಅಂತ ಸಣ್ಣ ಸದ್ದು. ಬಾಯಲ್ಲಿರುವ ತೂತು ಎಷ್ಟು ಚಿಕ್ಕದೆಂದರೆ ಸುರಿಯಲು ಬರುವುದಿಲ್ಲ, ಅಂಗೈ ಮೇಲೆ ಬಗ್ಗಿಸಿ ಪನ್ನೀರುದಾನಿ ಆಡಿಸಿದ ಹಾಗೆ ಆಡಿಸಬೇಕು. ಒಳಗೆಷ್ಟಿದೆ ಅಂತ ಹೊರಗಿಂದ ಕಾಣುವುದಿಲ್ಲ. ರಾತ್ರಿ ಲೈಟ್ ಆರಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದೆ. ಗಾಜೆಲ್ಲ ಚಂದ್ರನ ಹಾಗೆ ಬೆಳಗಿತು, ದ್ರವದ ಗೆರೆ ಎದ್ದು ಕಂಡಿತು. ಸೀಲ್ ಹಾಗೇ ಇದ್ದರೂ ಕತ್ತಿನಿಂದ ಒಂದೂವರೆ ಬೆರಳು ಕೆಳಗಿತ್ತು. ಬಿರಡೆಯ ಸಂದಿಯಿಂದ ಆಲ್ಕೋಹಾಲ್ ಅಷ್ಟಷ್ಟೇ ಆವಿಯಾಗಿ ಹೋಗಿತ್ತು.

ಗಾಜಿನ ಮೇಲಿನ ಹಡಗಿನ ಬಗ್ಗೆ ಅಣ್ಣನಿಗೆ ಹೇಳಲು ಹೋಗಿ ಪೇಚಿಗೆ ಬಿದ್ದೆ. 1938ರಲ್ಲಿ ಗಂಡಸರ ಓಲ್ಡ್ ಸ್ಪೈಸ್ ಬಂದಾಗಿನಿಂದ ಡಬ್ಬ, ಬಾಟಲಿಗಳ ಮೇಲೆ ಹಳೆಯ ವ್ಯಾಪಾರಿ ಹಡಗುಗಳ ಚಿತ್ರ ಹಾಕುತ್ತಿದ್ದರು. ಅವುಗಳಲ್ಲಿ ಪ್ರಸಿದ್ಧವಾದದ್ದು ಗ್ರ್ಯಾಂಡ್ ಟರ್ಕ್. ಹದಿನೆಂಟನೇ ಶತಮಾನದಲ್ಲಿ ಸೇಲಂ ಬಂದರಿನಿಂದ ಚೀನಾದವರೆಗೆ ಹೋಗಿ ಬಂದ ನಿಜವಾದ ಹಡಗು ಅದು. "ಸೇಲಂ ಹಡಗು, ಅಣ್ಣ" ಅಂದೆ.

"ಸೇಲಂಗೆ ಎಲ್ಲಿಂದ ಬಂತೋ ಸಮುದ್ರ? ಅಲ್ಲಿಂದ ಮಾವಿನ ಹಣ್ಣು ಬರುತ್ತೆ, ಸ್ಟೀಲು ಬರುತ್ತೆ."

ಅದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವರು ಪೇಪರಿನ ಎರಡನೇ ಪುಟಕ್ಕೆ ಹೋಗಿದ್ದರು. ಓಲ್ಡ್ ಸ್ಪೈಸ್ ಮೊದಲು, 1937ರಲ್ಲಿ, ಬಂದದ್ದು ಹೆಂಗಸರಿಗಾಗಿ ಅನ್ನುವುದನ್ನು ಹೇಳಲು ಸಮಯವೇ ಸಿಗಲಿಲ್ಲ. ದೂರದರ್ಶನದ ಕಾಲದಲ್ಲಿ ಹಲಗೆ ಮೇಲೆ ನಿಂತು ಅಲೆ ಸೀಳಿಕೊಂಡು ಬರುತ್ತಿದ್ದ ಆ ಗಂಡಸಿನ ಜಾಹೀರಾತು ನೋಡಿದವರು ಇದನ್ನು ನಂಬುವುದು ಕಷ್ಟ. ಅದರ ಹಿಂದೆ ಎದೆ ನಡುಗಿಸುವ ಹಾಗೆ ಮೊಳಗುತ್ತಿದ್ದ ಸಂಗೀತ ಕಾರ್ಲ್ ಓರ್ಫ್‌ನ ಕಾರ್ಮಿನಾ ಬುರಾನಾ. ಅದು ಜರ್ಮನಿಯಲ್ಲಿ ಮೊದಲು ಕೇಳಿಸಿದ್ದೂ 1937ರಲ್ಲೇ. ಇದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಸುಮ್ಮನೆ ಹೇಳಿದೆ.

ಇನ್ನು ಮುಖ್ಯ ವಿಷಯ. ಮೈಸೂರಿಗೆ ಬಂದು ನಾಲ್ಕು ದಿನ ಎಡಗೆನ್ನೆಗೆ ಹಳೆಯದು, ಬಲಗೆನ್ನೆಗೆ ಹೊಸದು ಹಚ್ಚಿಕೊಂಡೆ. ಎರಡು ದಿನ ಅಮೆರಿಕದ್ದು, ಎರಡು ದಿನ ಇಲ್ಲಿಯದು. ಮೊದಲೇ ಮೂರನ್ನೂ ಪಿಂಗಾಣಿ ಬಟ್ಟಲಿಗೆ ಹನಿಸಿ ಬಣ್ಣ ನೋಡಿದ್ದೆ: ಅಟ್ಟದ್ದು ಬೆಲ್ಲದ ನೀರಿನ ಬಣ್ಣ, ಉಳಿದೆರಡೂ ಅದಕ್ಕಿಂತ ಎಷ್ಟೋ ತಿಳಿ.

ಅಟ್ಟದ ಬಾಟಲಿಯ ವಾಸನೆ ಮೊದಲ ಗಳಿಗೆಯಲ್ಲೇ ಆಳದಲ್ಲಿ ಶುರುವಾಗುತ್ತದೆ. ಲವಂಗ, ಚಕ್ಕೆ, ಅದರ ಕೆಳಗೆ ಸಾಂಬ್ರಾಣಿ. ಎಣ್ಣೆ ನೀರು ಹಾಕಿದ ಕೂಸಿನ ತಲೆಗೆ ಹೊಗೆ ಹಿಡಿಯುತ್ತಾರಲ್ಲ, ಅದೇ ಸಾಂಬ್ರಾಣಿ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಕಾಲರ್‌ನಲ್ಲಿತ್ತು. ಅಮೆರಿಕದ ಪ್ಲಾಸ್ಟಿಕ್ಕಿನದು ಕಿತ್ತಳೆ ಸಿಪ್ಪೆಯ ಹಾಗೆ ಚುರುಕಾಗಿ ಶುರುವಾಗಿ, ಹತ್ತೇ ನಿಮಿಷದಲ್ಲಿ ಸೋಪು, ಪೌಡರು ಆಗಿಬಿಡುತ್ತದೆ. ಹನ್ನೊಂದರ ಕಾಫಿ ಹೊತ್ತಿಗೆ ಏನೂ ಇರಲಿಲ್ಲ. ಇಲ್ಲಿಯದು ಸ್ವಲ್ಪ ಸಿಹಿ ಜಾಸ್ತಿ, ಆದರೆ ಮಸಾಲೆ ಇನ್ನೂ ಬಿಟ್ಟಿಲ್ಲ. ಮೂರನೇ ದಿನ ನನ್ನವಳು ಎರಡೂ ಕೆನ್ನೆ ಮೂಸಿ, "ಈ ಕಡೆ ಬಿಸಿಬೇಳೆಬಾತ್ ಪುಡಿ, ಆ ಕಡೆ ಐಸ್‌ಕ್ರೀಮು. ಆಫೀಸಿಗೆ ಹೋಗೋರು ಯಾವುದಾದರೂ ಒಂದಾಗಿ" ಅಂದಳು.

ಉರಿಯಲ್ಲೂ ವ್ಯತ್ಯಾಸ ಇತ್ತು, ಅದೂ ತಿರುಗುಮುರುಗು. ಹೊಸದು ಚುರ್ ಅನ್ನುತ್ತದೆ, ಹಳೆಯದು ಬರೀ ತಣ್ಣಗೆ. ಬ್ಲೇಡ್ ತಾಕಿದ ಚರ್ಮಕ್ಕೆ ಆಲ್ಕೋಹಾಲ್ ಬಿದ್ದಾಗ ಉರಿಯುವುದಕ್ಕೆ ಕಾರಣ, ಮೆಣಸಿನಕಾಯಿ ಖಾರವನ್ನು ಗುರುತಿಸುವ ನರದ ಗ್ರಾಹಕವನ್ನೇ ಅದು ಕೆಣಕುತ್ತದೆ, ಮೈಯ ಮಾಮೂಲಿ ಬಿಸಿಯೂ ಸುಡುವ ಹಾಗೆ ಅನಿಸುತ್ತದೆ. ಅಟ್ಟದ ಬಾಟಲಿಯಲ್ಲಿ ಆಲ್ಕೋಹಾಲೇ ಕಮ್ಮಿಯಾಗಿದೆ. ನಮ್ಮ ಬೀದಿಯ ಕಟಿಂಗ್ ಶಾಪಿನವನಿಗೆ ಹೆಸರು ಹೇಳದೆ ಎರಡನ್ನೂ ಕೊಟ್ಟು ನೋಡಿದೆ. ಹಳೆಯದನ್ನು ಹಚ್ಚಿಕೊಂಡು "ಇದರಲ್ಲಿ ಪವರ್ ಇಲ್ಲ ಸಾರ್, ಗಿರಾಕಿ ಒಪ್ಪಲ್ಲ. ಇದಕ್ಕಿಂತ ಪಟಿಕದ ಕಲ್ಲು ಉಜ್ಜೋದೇ ವಾಸಿ" ಅಂತ ತೀರ್ಪು ಕೊಟ್ಟ.

ಆದರೂ ನಾನು ಹಳೆಯದರ ಪಕ್ಷವೇ. "ಆಗಿನ ಕಾಲದ ಮಾಲಿನ ಗಟ್ಟಿತನ ಈಗೆಲ್ಲಿ" ಅಂತ ಬರೆದು ಮುಗಿಸುವ ಯೋಚನೆಯಲ್ಲಿದ್ದೆ. ಶನಿವಾರ ಅರಸೀಕೆರೆಗೆ ಹೋದವನು ಮೂರರ ವಾಸನೆಯನ್ನೂ ಅಣ್ಣನಿಗೆ ತೋರಿಸಿದೆ. ಅಣ್ಣ ಜೀವಮಾನದಲ್ಲಿ ಪಟಿಕ ಬಿಟ್ಟು ಬೇರೇನೂ ಹಚ್ಚಿದವರಲ್ಲ. ಮೂರು ಚೀಟಿಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದು, ಮೆಡಿಕಲ್ ಸ್ಟೋರಿನದನ್ನು ಮೇಲೆತ್ತಿದರು.

"ಇದು. ನಾನು ಮಾರ್ತಿದ್ದದ್ದು ಇದೇ ವಾಸನೆ."

"ಅಣ್ಣ, ಅದು ಹೋದ ತಿಂಗಳು ತಂದಿದ್ದು. ನಿಮ್ಮ ಸ್ಟಾಕು ಈ ಕಂದು ಬಣ್ಣದ್ದು."

"ನನ್ನ ಸ್ಟಾಕು ಹಳಸಿದೆ. ಪಾರ್ಸೆಲ್ ಒಡೆದಿದ್ದು ನಿನಗೆ ಜ್ಞಾಪಕ ಇಲ್ಲವಾ?"

ಇತ್ತು. ನಾನು ಹೈಸ್ಕೂಲಿನಲ್ಲಿದ್ದೆ. ಬೆಂಗಳೂರಿನಿಂದ ಲಾರಿಯಲ್ಲಿ ಬಂದ ಡಬ್ಬವನ್ನು ಯಾರೋ ಎತ್ತಿ ಹಾಕಿದ್ದರು, ಹನ್ನೆರಡರಲ್ಲಿ ಒಂಬತ್ತು ಬಾಟಲಿ ಚೂರು. ಅಂಗಡಿಯ ರೆಡ್ ಆಕ್ಸೈಡ್ ನೆಲ ಅದನ್ನೆಲ್ಲ ಕುಡಿದು ವಾರಗಟ್ಟಲೆ ಘಮಘಮ ಅನ್ನುತ್ತಿತ್ತು. ಪಕ್ಕದ ಹೋಟೆಲಿನ ಭಟ್ಟರು ಬಂದು "ರಾಯರೇ, ನನ್ನ ಗಿರಾಕಿಗಳು ಕಾಫಿಗೆ ಸೆಂಟು ಹಾಕಿದ್ದೀರಾ ಅಂತ ಕೇಳ್ತಿದ್ದಾರೆ" ಅಂತ ಜಗಳ ತೆಗೆದಿದ್ದರು. ಆ ವಾಸನೆಯಲ್ಲೇ ಅಣ್ಣ ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದವರು. ಅವರ ಮೂಗಿನ ಮುಂದೆ ನನ್ನ ನಾಲ್ಕು ದಿನದ ಪ್ರಯೋಗ ಏನೇನೂ ಅಲ್ಲ.

ಕೂತು ಯೋಚಿಸಿದರೆ ಅವರು ಹೇಳಿದ್ದೇ ಸರಿ. ಕಿತ್ತಳೆ, ನಿಂಬೆಯಂಥ ಹಗುರ ವಾಸನೆಗಳು ಎಲ್ಲಕ್ಕಿಂತ ಮೊದಲು ಕೆಡುತ್ತವೆ. ಆಲ್ಕೋಹಾಲ್ ಆವಿಯಾದಷ್ಟೂ ಉಳಿದ ಎಣ್ಣೆಯ ಅಂಶ ಮಂದವಾಗುತ್ತದೆ. ವೆನಿಲ್ಲಾ ಮತ್ತು ಲವಂಗದ ಸತ್ವ ವರ್ಷ ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತವೆ. ನಾನು ಎಂಬತ್ತರ ದಶಕ ಅಂದುಕೊಂಡು ಮೂಸುತ್ತಿದ್ದದ್ದು ಬೇಸಿಗೆಯ ಹೆಂಚಿನ ಕೆಳಗೆ ಮೂವತ್ತೈದು ವರ್ಷ ಕೂತು ಹದವಾದ ಲೇಹ್ಯವನ್ನು. ಎಂಬತ್ತರ ದಶಕದಲ್ಲಿ ಯಾರ ಕೆನ್ನೆಯೂ ಹೀಗೆ ಘಮ್ಮೆಂದಿರಲಿಲ್ಲ.

ಹಾಗಂತ ತಯಾರಿಕೆ ಬದಲಾಗಿಯೇ ಇಲ್ಲ ಅನ್ನಲಾಗದು. ಆ ಕಾಲದ ಸುಗಂಧ ದ್ರವ್ಯಗಳಲ್ಲಿ ನೈಟ್ರೋ ಮಸ್ಕ್ ಅನ್ನುವ ಕೃತಕ ಕಸ್ತೂರಿಗಳ ಬಳಕೆ ಧಾರಾಳವಾಗಿತ್ತು. ಅವುಗಳಲ್ಲಿ ಮೊದಲನೆಯದನ್ನು 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನಶಾಸ್ತ್ರಜ್ಞ ಸಿಡಿಮದ್ದು ಮಾಡಲು ಹೋಗಿ ಆಕಸ್ಮಿಕವಾಗಿ ಕಂಡುಹಿಡಿದ. ಅದೇ ಜಾತಿಯ ಮಸ್ಕ್ ಆಂಬ್ರೆಟ್ ಇದ್ದ ಆಫ್ಟರ್‌ಶೇವ್ ಹಚ್ಚಿಕೊಂಡು ಬಿಸಿಲಿಗೆ ಹೋದ ಗಂಡಸರಿಗೆ ಮುಖದ ಮೇಲೆ ಕೆಂಪು ಗಂಧೆ ಏಳುವುದು ಎಪ್ಪತ್ತರ ದಶಕದ ಕೊನೆಯಲ್ಲಿ ವೈದ್ಯರ ಗಮನಕ್ಕೆ ಬಂತು. ಆಮೇಲೆ ಅದನ್ನು ಬಳಕೆಯಿಂದ ತೆಗೆದುಹಾಕಿದರು, ಯುರೋಪಿನಲ್ಲಿ ನಿಷೇಧವೂ ಆಯ್ತು. ಲವಂಗದಂಥ ವಾಸನೆಯ ಐಸೋಯುಜಿನಾಲ್‌ಗೂ ಅಲರ್ಜಿಯ ಕಾರಣಕ್ಕೆ ಮಿತಿ ಹಾಕಿದರು. ಹೊಸ ಬಾಟಲಿಗಳು ಸಪ್ಪೆ ಅಂತ ಬೈಯುವವರು, ನನ್ನನ್ನೂ ಸೇರಿಸಿ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಳೆಯದನ್ನು ನಾನೀಗ ಕೆನ್ನೆಗೆ ಹಚ್ಚುವುದು ಬಿಟ್ಟಿದ್ದೇನೆ, ಭಾನುವಾರ ಕರ್ಚೀಫಿಗೆ ಎರಡು ಹನಿ ಅಷ್ಟೇ. ಅಮೆರಿಕದ್ದು ಕಟಿಂಗ್ ಶಾಪಿಗೆ ಹೋಯ್ತು. ಅಲ್ಲಿ ಅದರ ಪವರ್ರು ಎಲ್ಲರಿಗೂ ಹಿಡಿಸಿದೆಯಂತೆ.

ಹೊರಡುವಾಗ ಅಣ್ಣ ಗೇಟಿನ ತನಕ ಬಂದರು. ಇಂಥ ಹಳೇ ಬಾಟಲಿ ಕೊಳ್ಳುವ ಜನ ಇದ್ದಾರಂತೆ, ಹೌದಾ ಅಂತ ಕೇಳಿದರು. ಹೌದು, ಆನ್‌ಲೈನಿನಲ್ಲಿ ಒಳ್ಳೆ ರೇಟಿಗೆ ಹೋಗುತ್ತೆ ಅಂದೆ.

"ಹಾಗಾದರೆ ಡೆಡ್ ಸ್ಟಾಕು ಅಂತ ಬರೀಬೇಡ. ಐದು ಸೀಲ್ಡ್, ಒಂದು ಒಡೆದಿದ್ದು. ಒಡೆದಿದ್ದರ ದುಡ್ಡು ನೀನು ಕೊಡಬೇಕು."